ಕಾರಿನ ಬಣ್ಣಕ್ಕೆ ಆರ್ಬಿಟಲ್ ಪಾಲಿಶರ್: ಯಾವುದನ್ನು ಕೊಳ್ಳಬೇಕು, ಮನೆಯಲ್ಲಿ ಹೇಗೆ ಬಳಸಬೇಕು

ಬೆಳಗ್ಗೆ ಎಂಟರ ಬಿಸಿಲಿನಲ್ಲಿ ಕಾರಿನ ಬಾನೆಟ್ಟನ್ನು ಓರೆಯಾಗಿ ನೋಡಿ. ಸೂರ್ಯನ ಬಿಂಬದ ಸುತ್ತ ಜೇಡರ ಬಲೆ ನೇಯ್ದ ಹಾಗೆ ಸಣ್ಣ ಗೀರುಗಳು ಕಂಡರೆ, ಅವು ವಯಸ್ಸಿನಿಂದ ಬಂದವಲ್ಲ, ಒರೆಸಿದ್ದರಿಂದ ಬಂದವು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಾಲೆ ಏರಿಯ ಮೇಲೆ ಬಂದ ಗಾಡಿಯನ್ನು ಒಣಬಟ್ಟೆಯಲ್ಲಿ ಒರೆಸಿದಾಗ ಧೂಳಿನೊಳಗಿನ ಮರಳು ಬಣ್ಣವನ್ನು ಕೆರೆಯುತ್ತದೆ. ಮಂಡ್ಯ ಕಡೆಯ ಬೋರ್‌ವೆಲ್ ನೀರು ಎಷ್ಟೋ ಕಡೆ ಗಡಸು; ತೊಳೆದು ಹಾಗೇ ಒಣಗಲು ಬಿಟ್ಟರೆ ಸುಣ್ಣದ ಬಿಳಿ ಉಂಗುರಗಳು ಉಳಿಯುತ್ತವೆ. ಮೈಸೂರಿನ ಸಾಲುಮರಗಳ ಕೆಳಗೆ ನಿಲ್ಲಿಸಿದರೆ ಹಕ್ಕಿಯ ಹಿಕ್ಕೆ, ಮರದ ಅಂಟು. ಇನ್ನು ಆಯುಧಪೂಜೆಯ ಅರಿಶಿನ, ಕುಂಕುಮ, ನಿಂಬೆರಸ ಬಾನೆಟ್ಟಿನ ಮೇಲೆ ಒಣಗಿದ ಮೇಲೆ ಮಾರನೆಯ ದಿನ ಉಜ್ಜಿ ತೆಗೆಯುವ ಅಭ್ಯಾಸವಂತೂ ಎಲ್ಲ ಮನೆಗಳಲ್ಲೂ ಇದೆ.

ಇಂಥ ಗೀರುಗಳನ್ನು ಮನೆಯಲ್ಲೇ ತೆಗೆಯಬಹುದು. ಅದಕ್ಕೆ ಸರಿಯಾದ ಯಂತ್ರ ಬೇಕು, ಆದರೆ ಅತಿ ಜೋರಿನ ಯಂತ್ರ ಬೇಡ. ಏಕೆ ಬೇಡ ಎಂಬುದು ಬಣ್ಣದ ದಪ್ಪ ತಿಳಿದರೆ ಅರ್ಥವಾಗುತ್ತದೆ.

ನೀವು ಉಜ್ಜುವುದು ಯಾವ ಪದರವನ್ನು?

ಕಾರ್ಖಾನೆಯಿಂದ ಬಂದ ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಅದರ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಹೀಗೆ ಸಾಲಾಗಿ ಇರುತ್ತವೆ. ಎಲ್ಲ ಸೇರಿ ಸಾಮಾನ್ಯವಾಗಿ 100 ಮೈಕ್ರಾನ್ ಆಸುಪಾಸು, ಅಂದರೆ ಒಂದು ಜೆರಾಕ್ಸ್ ಹಾಳೆಯಷ್ಟು ದಪ್ಪ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್. ಹೊಳಪು ಇರುವುದು ಈ ಪದರದಲ್ಲಿ, ಬಿಸಿಲನ್ನು ತಡೆಯುವ ರಾಸಾಯನಿಕ ಇರುವುದೂ ಇದರಲ್ಲೇ. ಪಾಲಿಶ್ ಮಾಡುವುದೆಂದರೆ ಗೀರನ್ನು ತುಂಬುವುದಲ್ಲ, ಗೀರಿನ ಸುತ್ತಲಿನ ಪದರವನ್ನು ಗೀರಿನ ತಳದವರೆಗೆ ಸವೆಸಿ ಸಮ ಮಾಡುವುದು. ಹೋದ ಪದರ ಮತ್ತೆ ಬರುವುದಿಲ್ಲ. ಆದ್ದರಿಂದ ಮನೆಗೆ ಬೇಕಾದದ್ದು ನಿಧಾನವಾಗಿ ಸವೆಸುವ, ಕೈ ತಪ್ಪಿದರೂ ಒಂದಿಷ್ಟು ಸಮಯ ಕೊಡುವ ಯಂತ್ರ.

ಉಗುರಿನ ತುದಿಯನ್ನು ಗೀರಿಗೆ ಅಡ್ಡವಾಗಿ ಮೆಲ್ಲಗೆ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಆ ಗೀರು ಪಾಲಿಶ್‌ಗೆ ಹೋಗುವಂಥದ್ದಲ್ಲ. ಅದಕ್ಕೆ ಟಚ್‌ಅಪ್ ಬಣ್ಣವೇ ದಾರಿ. ಮ್ಯಾಟ್ ಬಣ್ಣದ ಕಾರಿಗೆ ಪಾಲಿಶರ್ ಮುಟ್ಟಿಸಲೇಬೇಡಿ. ಸೆರಾಮಿಕ್ ಕೋಟಿಂಗ್ ಮಾಡಿಸಿದ್ದರೆ ಕಾಂಪೌಂಡ್, ಅಂದರೆ ಪದರ ಸವೆಸುವ ಒರಟು ಪಾಲಿಶ್, ಆ ಕೋಟಿಂಗನ್ನೂ ಕಿತ್ತುಹಾಕುತ್ತದೆ ಎಂಬುದು ನೆನಪಿರಲಿ.

ಅಂಗಡಿಯಲ್ಲಿ ಕಾಣುವ ಯಂತ್ರಗಳು

‘ಪಾಲಿಶಿಂಗ್ ಮಷೀನ್’ ಎಂದು ಕೇಳಿದರೆ ಹಾರ್ಡ್‌ವೇರ್ ಅಂಗಡಿಯವರು ಮೊದಲು ತೋರಿಸುವುದು ರೋಟರಿ. ಬಾಷ್ ಜಿಪಿಒ ಸರಣಿಯಂಥವು ಈ ಜಾತಿಯವು, ಪೇಂಟಿಂಗ್ ಗ್ಯಾರೇಜುಗಳಲ್ಲಿ ಕಾಣುವವೂ ಇವೇ. ಒಂದೇ ಅಕ್ಷದ ಮೇಲೆ ಗಿರಗಿರನೆ ತಿರುಗುತ್ತವೆ. ಬಣ್ಣವನ್ನು ಉಜ್ಜುವ 6 ಇಂಚಿನ ಮೆತ್ತೆ, ಅಂದರೆ ಪ್ಯಾಡ್, ನಿಮಿಷಕ್ಕೆ 1,500 ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ನಿಮಿಷಕ್ಕೆ ಸುಮಾರು 700 ಮೀಟರ್ ವೇಗದಲ್ಲಿ ಬಣ್ಣದ ಮೇಲೆ ಓಡುತ್ತದೆ. ಒಂದೇ ಜಾಗದಲ್ಲಿ ಕೆಲವು ಕ್ಷಣ ನಿಂತರೆ ಸಾಕು, ಬಿಸಿಗೆ ಕ್ಲಿಯರ್ ಕೋಟ್ ಮೆದುವಾಗಿ ಎದ್ದುಬರಬಹುದು. ಪಳಗಿದ ಕೈಗೆ ಇದು ಒಳ್ಳೆಯ ಸಾಧನ. ಕಲಿಯುವವರ ಕೈಯಲ್ಲಿ ಮಾತ್ರ ಬಿಸಿಲಿಗೆ ಹಿಡಿದಾಗ ಹೊಳೆಯುವ ಅಲೆಅಲೆಯಾದ ಹೊಲೊಗ್ರಾಮ್ ಗುರುತುಗಳನ್ನು ಬಿಟ್ಟುಹೋಗುತ್ತದೆ.

ಆಂಗಲ್ ಗ್ರೈಂಡರಿಗೆ ಪಾಲಿಶ್ ಪ್ಯಾಡ್ ಸಿಕ್ಕಿಸುವ ಯೋಚನೆಯನ್ನು ಬಿಟ್ಟುಬಿಡಿ. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಮರಗೆಲಸದ ಸ್ಯಾಂಡರ್ ಆರ್ಬಿಟಲ್ಲೇ ಆದರೂ ಅದರ ಅಲುಗಾಟ ಸಾಮಾನ್ಯವಾಗಿ 2ರಿಂದ 3 ಮಿ.ಮೀ. ಮಾತ್ರ; ಇಡೀ ದಿನ ಹಿಡಿದರೂ ಗೀರು ಹೋಗುವುದಿಲ್ಲ. 10 ಇಂಚಿನ ದೊಡ್ಡ ತಲೆಗೆ ಟೋಪಿಯಂಥ ಬಟ್ಟೆ ಹೊದಿಸಿಕೊಂಡ ಅಗ್ಗದ ಯಂತ್ರಗಳು ವ್ಯಾಕ್ಸ್ ಹಚ್ಚಲು ಸರಿ, ಗೀರು ತೆಗೆಯಲು ಅವಕ್ಕೆ ಬಲವಿಲ್ಲ.

ನಿಮಗೆ ಬೇಕಾದದ್ದು ಡ್ಯುಯಲ್ ಆಕ್ಷನ್, ಅಂದರೆ ಡಿಎ ಪಾಲಿಶರ್. ಆರ್ಬಿಟಲ್ ಪಾಲಿಶರ್ ಎನ್ನುವುದೂ ಇದನ್ನೇ. ಇದರ ಪ್ಯಾಡ್ ಎರಡು ಚಲನೆ ಮಾಡುತ್ತದೆ: ಮೋಟಾರಿನ ಅಕ್ಷದ ಸುತ್ತ ಸಣ್ಣ ವೃತ್ತದಲ್ಲಿ ಸುತ್ತುತ್ತದೆ, ಜೊತೆಗೆ ತನ್ನಷ್ಟಕ್ಕೆ ತಾನೂ ತಿರುಗುತ್ತದೆ. ಈ ಎರಡನೆಯ ತಿರುಗುವಿಕೆಗೆ ಗಿಯರ್ ಇಲ್ಲ, ಬೇರಿಂಗ್ ಮೇಲೆ ಅದು ಬಿಡುಬೀಸಾಗಿ ನಡೆಯುತ್ತದೆ. ಜೋರಾಗಿ ಒತ್ತಿದರೆ ತಿರುಗುವುದು ನಿಂತು ಬರೀ ಅದುರುತ್ತದೆ. ಕೆಲಸ ನಿಲ್ಲುತ್ತದೆ ನಿಜ, ಬಣ್ಣ ಉಳಿಯುತ್ತದೆ. ಮನೆಯಲ್ಲಿ ಬಳಸುವವರಿಗೆ ಈ ಯಂತ್ರದ ಅತಿ ದೊಡ್ಡ ಗುಣ ಅದೇ. ಗಿಯರಿನಿಂದ ಬಲವಂತವಾಗಿ ತಿರುಗುವ ಡಿಎಗಳೂ ಇವೆ, ಜರ್ಮನಿಯ ಫ್ಲೆಕ್ಸ್ ಕಂಪನಿಯ 8 ಮಿ.ಮೀ. ಯಂತ್ರ ಅಂಥದ್ದು. ಅವು ಎಲ್ಲೂ ನಿಲ್ಲುವುದಿಲ್ಲವಾದ್ದರಿಂದ ಚೆನ್ನಾಗಿ ಕಡಿಯುತ್ತವೆ. ಆದರೆ ಕೈಯನ್ನು ಎಳೆಯುತ್ತವೆ, ಬಿಸಿಯೂ ಹೆಚ್ಚು. ಮೊದಲ ಯಂತ್ರವಾಗಿ ಬೇಡ.

ಥ್ರೋ: 8, 12, 15, 21

ಪ್ಯಾಡ್ ಸುತ್ತುವ ಆ ಸಣ್ಣ ವೃತ್ತದ ವ್ಯಾಸಕ್ಕೆ ಥ್ರೋ ಎನ್ನುತ್ತಾರೆ. ಡಬ್ಬದ ಮೇಲೆ ವ್ಯಾಟ್ ಎಷ್ಟಿದೆ ಎಂದು ನೋಡುವ ಮೊದಲು ಇದನ್ನು ನೋಡಬೇಕು. 8 ಮಿ.ಮೀ. ಯಂತ್ರದ ಪ್ಯಾಡ್ ಒಂದು ಸುತ್ತಿಗೆ ಸುಮಾರು 25 ಮಿ.ಮೀ. ಸಾಗುತ್ತದೆ, 15ರದ್ದು 47 ಮಿ.ಮೀ., 21ರದ್ದು 66 ಮಿ.ಮೀ. ವೇಗದ ಅಂಕಿ ಒಂದೇ ಇಟ್ಟರೂ 15ರ ಯಂತ್ರ 8ರದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಾದಿ ಉಜ್ಜುತ್ತದೆ.

ಹಾಗೆಂದು ದೊಡ್ಡದೇ ಒಳ್ಳೆಯದು ಅಂತಲ್ಲ. 21 ಮಿ.ಮೀ. ಯಂತ್ರಕ್ಕೆ ಅಗಲವಾದ, ಚಪ್ಪಟೆಯಾದ ಜಾಗ ಬೇಕು. ದೊಡ್ಡ ಎಸ್‌ಯುವಿಯ ಬಾನೆಟ್, ಟಾಪ್, ಇನ್ನೋವಾದಂಥ ಗಾಡಿಯ ಬಾಗಿಲು ಅದಕ್ಕೆ ಹೇಳಿ ಮಾಡಿಸಿದ ಹಾಗೆ. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿರುವ ಆಲ್ಟೊ, ಸ್ವಿಫ್ಟ್, ಐ10ರಂಥ ಸಣ್ಣ ಕಾರುಗಳಲ್ಲಿ ಎಲ್ಲಿ ನೋಡಿದರೂ ತಿರುವು, ಮಡಿಕೆ, ಉಬ್ಬು. ಅಂಥ ಕಡೆ ಉದ್ದ ಥ್ರೋ ಯಂತ್ರದ ಪ್ಯಾಡ್ ಒಂದು ಅಂಚಿನಲ್ಲಷ್ಟೇ ತಗಲಿ ತಿರುಗುವುದನ್ನೇ ನಿಲ್ಲಿಸುತ್ತದೆ. ಸಣ್ಣ ಕಾರೊಂದೇ ಇದ್ದರೆ 8 ಅಥವಾ 12 ಮಿ.ಮೀ. ಕೊಳ್ಳಿ. ಮನೆಯಲ್ಲಿ ಸಣ್ಣದೂ ದೊಡ್ಡದೂ ಎರಡು ಗಾಡಿ ಇದ್ದರೆ 15 ಮಿ.ಮೀ. ಸರಿ. ಒಂದನ್ನೇ ಹೇಳಿ ಎಂದರೆ ನಮ್ಮ ಉತ್ತರ 5 ಇಂಚಿನ ಪ್ಲೇಟ್ (ಪ್ಯಾಡ್ ಅಂಟಿಸುವ ಗಟ್ಟಿ ತಟ್ಟೆ) ಇರುವ 12 ಅಥವಾ 15 ಮಿ.ಮೀ. ಯಂತ್ರ. ಈ ಉದ್ದ ಥ್ರೋ ಯಂತ್ರಗಳನ್ನು ಜನಪ್ರಿಯ ಮಾಡಿದ್ದು ಇಟಲಿಯ ರೂಪೆಸ್ ಕಂಪನಿ. ಬೆಲೆ ಜಾಸ್ತಿ, ಅದೇ ಮಾದರಿಯ ಅಗ್ಗದ ಯಂತ್ರಗಳು ಬೇಕಾದಷ್ಟಿವೆ. ವರ್ಷಕ್ಕೊಂದೆರಡು ಸಲ ಬಳಸುವವರಿಗೆ ಅವು ಸಾಕು, ಆದರೆ ನೋಡಿ ಕೊಳ್ಳಬೇಕು.

ಕೊಳ್ಳುವಾಗ ಏನು ನೋಡಬೇಕು

ಸ್ವಿಚ್ ಒತ್ತಿದ ತಕ್ಷಣ ಯಂತ್ರ ಜಿಗಿಯಬಾರದು, ಮೆಲ್ಲಗೆ ಶುರುವಾಗಿ ವೇಗ ಏರಬೇಕು. ಜಿಗಿದರೆ ಪ್ಯಾಡಿನ ಮೇಲಿನ ಕಾಂಪೌಂಡ್ ಗೋಡೆಗೆಲ್ಲ ಸಿಡಿಯುತ್ತದೆ. ಒತ್ತಡ ಬಿದ್ದಾಗ ವೇಗ ಕುಸಿಯದಂತೆ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ನಿಯಂತ್ರಣ ಇದ್ದರೆ ಅದಕ್ಕೆ ನೂರಿನ್ನೂರು ಹೆಚ್ಚು ಕೊಡಲು ಹಿಂದೆಮುಂದೆ ನೋಡಬೇಡಿ. 500ರಿಂದ 900 ವ್ಯಾಟ್ ಇದ್ದರೆ ಸಾಕು. ವೇಗದ ಅಂಕಿ 1ರಿಂದ 6ರವರೆಗೆ ಇರಬೇಕು, ನಿಮಿಷಕ್ಕೆ ಸುಮಾರು 2,000ದಿಂದ 5,000 ಅಥವಾ ಅದಕ್ಕಿಂತ ಹೆಚ್ಚು ಸುತ್ತು.

ತೂಕ ಎರಡರಿಂದ ಮೂರು ಕಿಲೋ ಒಳಗೆ ಇರಲಿ. ಅಂಗಡಿಯಲ್ಲೇ ಗೋಡೆಗೆ ಅಡ್ಡವಾಗಿ, ಬಾಗಿಲಿಗೆ ಹಿಡಿಯುವಂತೆ ಐದು ನಿಮಿಷ ಹಿಡಿದು ನೋಡಿ. ಬಾನೆಟ್ಟಿನ ಮೇಲೆ ಯಂತ್ರದ ಭಾರವೇ ಕೆಲಸ ಮಾಡುತ್ತದೆ; ಬಾಗಿಲಿನ ಮೇಲೆ ಆ ಭಾರವೆಲ್ಲ ನಿಮ್ಮ ತೋಳಿನದು. ಓಡಿಸಿ ನೋಡಲು ಬಿಟ್ಟರೆ ಪ್ಯಾಡ್ ಹಾಕಿಸಿ ಓಡಿಸಿ. ಕೈಯ ಬೆರಳು ಜೋಮು ಹಿಡಿಯುವಷ್ಟು ಅದುರಿದರೆ ಬೇಡ. ಈ ಯಂತ್ರಗಳೊಳಗೆ ಪ್ಲೇಟ್ ಮತ್ತು ಪ್ಯಾಡಿನ ತೂಕಕ್ಕೆ ಹೊಂದಿಸಿದ ಕೌಂಟರ್‌ವೇಟ್ ಇರುತ್ತದೆ. 6 ಇಂಚಿಗೆ ಮಾಡಿದ ಯಂತ್ರಕ್ಕೆ 3 ಇಂಚಿನ ಪ್ಲೇಟ್ ಹಾಕಿದರೆ ತೂಕ ತಪ್ಪಿ ವಿಪರೀತ ಅದುರುವುದು ಇದರಿಂದಲೇ. ಕಂಬ, ಕನ್ನಡಿ, ಬಂಪರಿನ ಮೂಲೆಗಳಿಗೆ 3 ಇಂಚಿನದು ಬೇಕೆನಿಸಿದರೆ ಮುಂದೆ ಯಾವಾಗಲಾದರೂ ಪ್ರತ್ಯೇಕ ಸಣ್ಣ ಯಂತ್ರ ತೆಗೆದುಕೊಳ್ಳಿ. ಮೊದಲ ವರ್ಷ ಆ ಜಾಗಗಳನ್ನು ಕೈಯಲ್ಲೇ ಉಜ್ಜಿ.

ಬಿಡಿಭಾಗ ಸಿಗುತ್ತದೆಯೇ ಎಂದು ಕೇಳಿ, ಮುಖ್ಯವಾಗಿ ಪ್ಯಾಡ್ ಹಿಡಿಯುವ ಬ್ಯಾಕಿಂಗ್ ಪ್ಲೇಟ್ ಮತ್ತು ಮೋಟಾರಿಗೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್. ಪ್ಲೇಟಿನ ವೆಲ್ಕ್ರೊ ಒಂದಲ್ಲ ಒಂದು ದಿನ ಬಿಸಿಗೆ ಸೋಲುತ್ತದೆ.

ವಿದೇಶದಿಂದ ಬಂಧುಗಳು ತಂದುಕೊಟ್ಟ ಯಂತ್ರವಾದರೆ ಹಿಂಬದಿಯ ಪಟ್ಟಿ ಓದಿ. ಅಮೆರಿಕದ ಯಂತ್ರಗಳು 120 ವೋಲ್ಟಿನವು. ನಮ್ಮ 230 ವೋಲ್ಟಿಗೆ ನೇರ ಹಾಕಿದರೆ ಸುಟ್ಟುಹೋಗುತ್ತವೆ. 900 ವ್ಯಾಟ್ ಯಂತ್ರ ಸುಮಾರು 4 ಆಂಪಿಯರ್ ಎಳೆಯುತ್ತದೆ, ಮನೆಯ 6 ಆಂಪಿಯರ್ ಪ್ಲಗ್ ಸಾಕು. ಎಕ್ಸ್‌ಟೆನ್ಷನ್ ತಂತಿ ಮಾತ್ರ 1.5 ಚದರ ಮಿ.ಮೀ. ದಪ್ಪದ್ದಿರಲಿ, ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಕಿ. ಸುತ್ತಿಟ್ಟ ತಂತಿ ಒಳಗೇ ಬಿಸಿಯಾಗುತ್ತದೆ. ಬ್ಯಾಟರಿ ಯಂತ್ರಗಳು ತಂತಿಯ ಕಾಟ ತಪ್ಪಿಸುತ್ತವೆ ನಿಜ, ಆದರೆ ಇಡೀ ಕಾರಿಗೆ ಒಂದು ಬ್ಯಾಟರಿ ಸಾಲುವುದಿಲ್ಲ.

ಪ್ಯಾಡ್, ಕಾಂಪೌಂಡ್, ಬಟ್ಟೆ

ಯಂತ್ರಕ್ಕೆ ಎಷ್ಟು ಕೊಟ್ಟಿರೋ ಅದರ ಅರ್ಧದಷ್ಟನ್ನಾದರೂ ಇವುಗಳಿಗೆ ಎತ್ತಿಡಿ. ಸಾಧಾರಣ ಯಂತ್ರಕ್ಕೆ ಒಳ್ಳೆಯ ಪ್ಯಾಡ್ ಹಾಕಿದರೆ ಕೆಲಸ ಚೆನ್ನಾಗಿ ಆಗುತ್ತದೆ. ಒಳ್ಳೆಯ ಯಂತ್ರಕ್ಕೆ ಕಳಪೆ ಪ್ಯಾಡ್ ಹಾಕಿದರೆ ಆಗುವುದಿಲ್ಲ.

5 ಇಂಚಿನ ಪ್ಲೇಟಿಗೆ ಐದೂವರೆಯಿಂದ 6 ಇಂಚಿನ ಫೋಮ್ ಪ್ಯಾಡ್ ಬೇಕು. ಪ್ಯಾಡ್ ಸುತ್ತಲೂ ಪ್ಲೇಟಿಗಿಂತ ಹೊರಚಾಚಿರಬೇಕು. ಇಲ್ಲದಿದ್ದರೆ ಗಟ್ಟಿ ಪ್ಲೇಟಿನ ಅಂಚು ಬಂಪರಿಗೋ ಕನ್ನಡಿಗೋ ಬಡಿದು ಹೊಸ ಗೀರು ಮಾಡುತ್ತದೆ. ಮಧ್ಯಮ ಗಡಸಿನ ಪಾಲಿಶಿಂಗ್ ಪ್ಯಾಡ್ ನಾಲ್ಕು, ಗಡಸಾದ ಕಟಿಂಗ್ ಪ್ಯಾಡ್ ಎರಡು, ಮೆದು ಫಿನಿಶಿಂಗ್ ಪ್ಯಾಡ್ ಒಂದು. ಬಣ್ಣ ನೋಡಿ ಮೋಸ ಹೋಗಬೇಡಿ: ಒಂದು ಕಂಪನಿಯ ಹಳದಿ ಮೆದು, ಇನ್ನೊಂದರದ್ದು ಗಡಸು. ಬೆರಳಿನಿಂದ ಹಿಚುಕಿ ನೋಡಿ, ಹಿಂದಿನ ಬರಹ ಓದಿ.

ಡಬ್ಬಿಯಲ್ಲಿ ಸಿಗುವ ಗಟ್ಟಿ ರಬ್ಬಿಂಗ್ ಕಾಂಪೌಂಡ್ ಬೇಡ. ದ್ರವರೂಪದ, ಉತ್ತಮ ಕಂಪನಿಯ ಮಧ್ಯಮ ಪಾಲಿಶ್ ಒಂದು, ಸ್ವಲ್ಪ ಒರಟು ಕಾಂಪೌಂಡ್ ಒಂದು, ತಲಾ 250 ಮಿ.ಲೀ. ಸಾಕು. ಸಣ್ಣ ಕಾರಿಗೆ ಒಂದು ಸುತ್ತಿಗೆ 100 ಮಿ.ಲೀ. ಆಸುಪಾಸು ಖರ್ಚಾಗುತ್ತದೆ. ಒರೆಸಲು 300ರಿಂದ 400 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಮೈಕ್ರೋಫೈಬರ್ ಬಟ್ಟೆ ಎಂಟು. ಹಳೆ ಬನಿಯನ್ ಸಲ್ಲದು; ಅದರ ಹೊಲಿಗೆಯೇ ಗೀರುತ್ತದೆ. ಕೆಳಗೆ ಬಿದ್ದ ಬಟ್ಟೆಯನ್ನು ಅಂದು ಮತ್ತೆ ಮುಟ್ಟಬೇಡಿ.

ಕಾರನ್ನು ಸಿದ್ಧ ಮಾಡುವುದು

ಮೊದಲು ಬರೀ ನೀರಿನಿಂದ ಧೂಳು, ಕೆಸರು ಇಳಿಸಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಾಡಲು ಬರೀ ನೀರು. ಮೇಲಿನಿಂದ ಕೆಳಕ್ಕೆ ತೊಳೆಯಿರಿ, ನೆರಳಿನಲ್ಲಿ ತಕ್ಷಣ ಒರೆಸಿ. ಸುಣ್ಣದ ಉಂಗುರಗಳಿದ್ದರೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಅದ್ದಿ ಒಂದೆರಡು ನಿಮಿಷ ಇಟ್ಟು, ಒಣಗುವ ಮೊದಲೇ ಚೆನ್ನಾಗಿ ತೊಳೆದುಬಿಡಿ. ಹೂವಿನ ಹಾರ ಅಂಟಿಸಿದ ಟೇಪಿನ ಅಂಟು ಉಳಿದಿದ್ದರೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಚ್ಚಿ ಒರೆಸಿದರೆ ಬಿಡುತ್ತದೆ. ಅದನ್ನೂ ಕೂಡಲೇ ಶಾಂಪೂ ಹಾಕಿ ತೊಳೆಯಿರಿ.

ತೊಳೆದ ಮೇಲೆ ತೆಳು ಪ್ಲಾಸ್ಟಿಕ್ ಕವರಿನೊಳಗೆ ಬೆರಳು ತೂರಿಸಿ ಬಾನೆಟ್ಟನ್ನು ಸವರಿ. ರವೆಯಂತೆ ಒರಟಾಗಿ ತಗುಲಿದರೆ ಬಣ್ಣದೊಳಗೆ ಕೂತ ಕೊಳೆ ಇನ್ನೂ ಇದೆ ಎಂದರ್ಥ. ಕೊಳೆ ಎತ್ತುವ ಜೇಡಿಮಣ್ಣಿನಂಥ ಮೆದು ತುಂಡಾದ ಕ್ಲೇ ಬಾರನ್ನು ಶಾಂಪೂ ನೀರಿನ ಜಾರಿಕೆಯಲ್ಲಿ, ಒತ್ತದೆ, ನೇರ ಗೆರೆಯಲ್ಲಿ ಎಳೆದು ಅದನ್ನು ತೆಗೆಯಿರಿ. ಈ ಹೆಜ್ಜೆ ಬಿಟ್ಟರೆ ಆ ಕಣಗಳೆಲ್ಲ ಪ್ಯಾಡಿಗೆ ಹತ್ತಿ ಕಾರಿನ ತುಂಬ ಗೀರು ಬರೆಯುತ್ತವೆ. ಕ್ಲೇ ನೆಲಕ್ಕೆ ಬಿದ್ದರೆ ಎಸೆಯಿರಿ.

ಕಪ್ಪು ಪ್ಲಾಸ್ಟಿಕ್, ರಬ್ಬರ್ ಬೀಡಿಂಗ್, ಲೋಗೊಗಳ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ. ಕಾಂಪೌಂಡ್ ಅಲ್ಲಿ ಒಣಗಿ ಬೆಳ್ಳಗಾದರೆ ತೆಗೆಯುವುದು ತ್ರಾಸ. ಬಾನೆಟ್ಟಿನ ಅಂಚು, ಬಾಗಿಲ ಮೇಲಿನ ಎದ್ದ ಗೆರೆಗಳ ಮೇಲೂ ಟೇಪ್ ಹಾಕಿ. ಚೂಪಾದ ಕಡೆ ಬಣ್ಣ ತೆಳುವಾಗಿರುತ್ತದೆ, ಮೊದಲು ಸವೆದು ಹೋಗುವುದು ಅಲ್ಲೇ.

ಪೋರ್ಟಿಕೊ ಇದ್ದರೆ ಅದರ ಕೆಳಗೆ, ಇಲ್ಲದಿದ್ದರೆ ಬೆಳಗ್ಗೆ ಹತ್ತರೊಳಗೆ ಕೆಲಸ ಮುಗಿಸುವ ಹಾಗೆ ಎರಡು ದಿನಕ್ಕೆ ಹಂಚಿಕೊಳ್ಳಿ. ಅಂಗೈ ಇಟ್ಟರೆ ತಗಡು ತಣ್ಣಗಿರಬೇಕು. ಏಪ್ರಿಲ್ ಬಿಸಿಲಿನಲ್ಲಿ ಕಾಂಪೌಂಡ್ ಉಜ್ಜುವ ಮೊದಲೇ ಒಣಗಿ ಪುಡಿಯಾಗುತ್ತದೆ. ಡಿಸೆಂಬರ್, ಜನವರಿ ಈ ಕೆಲಸಕ್ಕೆ ಹಿತ. ಒದ್ದೆ ನೆಲದ ಮೇಲೆ ನಿಂತು ಯಂತ್ರ ಹಿಡಿಯಬೇಡಿ, ಹೆಗಲ ಮೇಲೆ ಟವೆಲ್ ಬೇಡ, ತಂತಿಯನ್ನು ಹೆಗಲ ಹಿಂದಿನಿಂದ ಹಾಯಿಸಿ. ಮೂಗಿಗೆ ಮಾಸ್ಕ್ ಇರಲಿ.

ಮೊದಲು ಒಂದು ಚೌಕ

ಇಡೀ ಕಾರಿಗೆ ಕೈ ಹಾಕುವ ಮೊದಲು ಬಾನೆಟ್ಟಿನ ಮೇಲೆ ಎರಡು ಗೇಣು ಉದ್ದ, ಎರಡು ಗೇಣು ಅಗಲದ ಚೌಕಕ್ಕೆ ಟೇಪ್ ಹಚ್ಚಿಕೊಳ್ಳಿ. ಮಧ್ಯಮ ಪ್ಯಾಡ್, ಮಧ್ಯಮ ಪಾಲಿಶ್‌ನಿಂದ ಶುರು ಮಾಡಿ. ಸಾಕಾಗದಿದ್ದರೆ ಮಾತ್ರ ಕಟಿಂಗ್ ಪ್ಯಾಡಿಗೆ, ಒರಟು ಕಾಂಪೌಂಡಿಗೆ ಹೋಗಿ. ಈ ಕ್ರಮ ತಲೆಕೆಳಗಾದರೆ ಬೇಡದ ಪದರವನ್ನೂ ಸವೆಸಿದಂತೆ.

ಹೊಸ ಪ್ಯಾಡಿಗೆ ಮೊದಲ ಸಲ ಪಾಲಿಶನ್ನು ಬೆರಳಿನಿಂದ ಮೇಲ್ಮೈಗೆಲ್ಲ ತೆಳುವಾಗಿ ಸವರಿ. ಆಮೇಲೆ ಪ್ರತಿ ಚೌಕಕ್ಕೆ ಕಡಲೆಕಾಳಿನಷ್ಟು ನಾಲ್ಕು ಬೊಟ್ಟು. ಯಂತ್ರ ಆಫ್ ಇರುವಾಗಲೇ ಪ್ಯಾಡನ್ನು ಬಣ್ಣದ ಮೇಲೆ ಒತ್ತೊತ್ತಿ ಹನಿಗಳನ್ನು ಹರಡಿ, 1ರ ವೇಗದಲ್ಲಿ ಒಂದು ಸಲ ಹರಡಿಸಿ, 4 ಅಥವಾ 5ಕ್ಕೆ ಏರಿಸಿ. ಅಡ್ಡಡ್ಡ ಒಂದು ಸಲ, ಉದ್ದುದ್ದ ಒಂದು ಸಲ, ಪ್ರತಿ ಗೆರೆ ಹಿಂದಿನ ಗೆರೆಯ ಅರ್ಧದ ಮೇಲೆ ಹಾಯಬೇಕು. ಹೀಗೆ ನಾಲ್ಕರಿಂದ ಆರು ಸಲ. ಕೈ ಸೆಕೆಂಡಿಗೆ ಒಂದು ಇಂಚಿನಷ್ಟು ಮಾತ್ರ ಸಾಗಲಿ. ಹೆಚ್ಚಿನವರು ಇಸ್ತ್ರಿ ಹಾಕುವ ವೇಗದಲ್ಲಿ ಓಡಿಸಿ ‘ಗೀರು ಹೋಗಲಿಲ್ಲ’ ಎನ್ನುತ್ತಾರೆ.

ಒತ್ತಡ ಎಷ್ಟು? ಮನೆಯ ತೂಕದ ಯಂತ್ರದ ಮೇಲೆ ಬಟ್ಟೆ ಹಾಸಿ, ಆಫ್ ಮಾಡಿದ ಪಾಲಿಶರನ್ನು ಅದರ ಮೇಲಿಟ್ಟು ಒತ್ತಿ ನೋಡಿ. ಯಂತ್ರದ ಭಾರವೂ ಸೇರಿ 5ರಿಂದ 7 ಕಿಲೋ ತೋರಿಸಿದರೆ ಕಡಿಯುವ ಹಂತಕ್ಕೆ ಸರಿ. ಕೊನೆಯ ಎರಡು ಸುತ್ತಿಗೆ ಯಂತ್ರದ ಭಾರವಷ್ಟೇ ಸಾಕು. ಆ ಹದ ಕೈಗೆ ಒಮ್ಮೆ ಕೂತರೆ ಮರೆಯುವುದಿಲ್ಲ.

ಒರೆಸಿದ ಮೇಲೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಸಿಂಪಡಿಸಿ ಮತ್ತೆ ಒರೆಸಿ. ಪಾಲಿಶಿನ ಎಣ್ಣೆ ಗೀರುಗಳನ್ನು ತಾತ್ಕಾಲಿಕವಾಗಿ ಮುಚ್ಚಿರುತ್ತದೆ, ಅದು ಹೋದಾಗ ನಿಜ ಕಾಣುತ್ತದೆ. ಮೊಬೈಲ್ ಟಾರ್ಚ್ ಹಿಡಿದು, ಬಿಸಿಲಿಗೂ ತಂದು ನೋಡಿ. ನೂರಕ್ಕೆ ಎಂಬತ್ತು ಗೀರು ಹೋಗಿದ್ದರೆ ಅಲ್ಲಿಗೆ ನಿಲ್ಲಿಸಿ. ಉಳಿದ ಇಪ್ಪತ್ತನ್ನು ಬೆನ್ನು ಹತ್ತಿದವರೇ ಕ್ಲಿಯರ್ ಕೋಟ್ ಕಳೆದುಕೊಳ್ಳುವುದು.

ಏನು ಕೆಡುತ್ತದೆ, ಯಾಕೆ

ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರಿನಲ್ಲಿ ಒಂದು ದಪ್ಪ ಗೆರೆ ಎಳೆದಿಡಿ. ಓಡುವಾಗ ಗೆರೆ ಸುತ್ತುವುದು ಕಾಣಬೇಕು. ಒಂದೇ ಕಡೆ ಅದುರುತ್ತಿದ್ದರೆ ಪ್ಯಾಡ್ ತಿರುಗುತ್ತಿಲ್ಲ: ಒತ್ತಡ ಇಳಿಸಿ, ಯಂತ್ರವನ್ನು ಸಮತಟ್ಟಾಗಿಡಿ, ವೇಗ ಒಂದು ಅಂಕಿ ಏರಿಸಿ. ಆಗಲೂ ತಿರುಗದಿದ್ದರೆ ಕಾಂಪೌಂಡ್ ಹೆಚ್ಚಾಗಿ ಪ್ಯಾಡ್ ನೆನೆದು ಭಾರವಾಗಿರಬಹುದು. ಕೆಲವು ಹೊಸ ಉದ್ದ ಥ್ರೋ ಯಂತ್ರಗಳಲ್ಲಿ ಪ್ಲೇಟಿನ ಹಿಂದಿನ ರಬ್ಬರ್ ಪಟ್ಟಿ ಅತಿಯಾಗಿ ಉಜ್ಜಿ ಬ್ರೇಕಿನಂತೆ ಹಿಡಿಯುತ್ತದೆ. ಬಳಸುತ್ತಾ ಅದು ಸಡಿಲವಾಗುತ್ತದೆ.

ಬಿಳಿ ಪುಡಿ ಹಾರುತ್ತಿದ್ದರೆ ತಗಡು ಬಿಸಿಯಿದೆ, ಅಥವಾ ಪಾಲಿಶ್ ಒಣಗಿದ ಮೇಲೂ ಉಜ್ಜುತ್ತಿದ್ದೀರಿ. ಒರೆಸುವಾಗ ಅಂಟಂಟಾಗಿ ಎಳೆದರೆ ಪಾಲಿಶ್ ಜಾಸ್ತಿಯಾಗಿದೆ. ಮಬ್ಬು ಉಳಿದರೆ, ಮುಖ್ಯವಾಗಿ ಕಪ್ಪು ಕಾರಿನಲ್ಲಿ, ಮೆದು ಪ್ಯಾಡಿನಲ್ಲಿ ಮಧ್ಯಮ ಪಾಲಿಶ್ ಹಾಕಿ ಕಡಿಮೆ ಒತ್ತಡದಲ್ಲಿ ಇನ್ನೊಂದು ಸುತ್ತು ಬೇಕು.

ಪ್ಯಾಡಿಗೆ ಕಾರಿನ ಬಣ್ಣವೇ ಹತ್ತಿದರೆ ತಕ್ಷಣ ನಿಲ್ಲಿಸಿ. ಆ ಭಾಗಕ್ಕೆ ಕ್ಲಿಯರ್ ಕೋಟ್ ಇಲ್ಲದ ಬಣ್ಣ ಹೊಡೆದಿರಬಹುದು, ಇಲ್ಲವೇ ಕ್ಲಿಯರ್ ಕೋಟ್ ಮುಗಿದಿರಬಹುದು. ಹಳೆ ಕಾರು ಕೊಂಡಿದ್ದರೆ, ಟಿಂಕರಿಂಗ್ ಆಗಿ ಮರುಬಣ್ಣ ಕಂಡ ಬಾಗಿಲು ಯಾವುದೆಂದು ಗೊತ್ತಿಲ್ಲದಿದ್ದರೆ, ಬಣ್ಣದ ದಪ್ಪ ಅಳೆಯುವ ಗೇಜ್ ಇರುವ ಡಿಟೇಲಿಂಗ್‌ನವರ ಹತ್ತಿರ ಒಮ್ಮೆ ಅಳತೆ ಹಿಡಿಸಿಕೊಳ್ಳಿ. 80 ಮೈಕ್ರಾನಿಗಿಂತ ಕಡಿಮೆ ತೋರಿಸಿದ ಕಡೆ ಒರಟು ಕಾಂಪೌಂಡ್ ಮುಟ್ಟಿಸಬೇಡಿ. ಬಂಪರ್ ಪ್ಲಾಸ್ಟಿಕ್ಕಿನದು, ಬಿಸಿ ಬೇಗ ಹರಡಿಹೋಗುವುದಿಲ್ಲ; ಅಲ್ಲಿ ವೇಗ 3ಕ್ಕೆ ಇಳಿಸಿ, ಆಗಾಗ ಕೈಯಿಟ್ಟು ನೋಡಿ.

ಪ್ಯಾಡ್ ಬಿಸಿಯಾಗುವುದೂ ಅಷ್ಟೇ ಕೆಟ್ಟದ್ದು. ಪ್ರತಿ ಚೌಕದ ನಂತರ ಗಡಸು ನೈಲಾನ್ ಬ್ರಷ್ಷಿನಿಂದ ಪ್ಯಾಡ್ ಉಜ್ಜಿ ಕೊಳೆ ಉದುರಿಸಿ, ಬಾನೆಟ್, ಬಾಗಿಲಿನಂಥ ಎರಡು ಭಾಗ ಮುಗಿದ ಕೂಡಲೇ ಪ್ಯಾಡ್ ಬದಲಿಸಿ. ನಾಲ್ಕು ಮಧ್ಯಮ ಪ್ಯಾಡ್ ಬೇಕೆಂದದ್ದು ಇದಕ್ಕೇ. ಒಂದೇ ಪ್ಯಾಡಿನಲ್ಲಿ ಇಡೀ ಕಾರು ಮುಗಿಸಹೊರಟರೆ ಮಧ್ಯದ ಫೋಮ್ ಕುಸಿದು, ವೆಲ್ಕ್ರೊ ಅಂಟು ಬಿಟ್ಟು, ಓಡುತ್ತಿರುವಾಗಲೇ ಪ್ಯಾಡ್ ಹಾರಿಹೋಗುತ್ತದೆ.

ಕೆಲಸ ಮುಗಿದ ಮೇಲೆ

ಪಾಲಿಶ್ ಮಾಡಿದ ಬಣ್ಣ ಬೆತ್ತಲೆ. ಅದೇ ದಿನ ಮೆದು ಪ್ಯಾಡಿನಲ್ಲಿ 2ರ ವೇಗದಲ್ಲಿ, ಇಲ್ಲವೇ ಕೈಯಲ್ಲೇ, ಬಣ್ಣವನ್ನು ಕಾಯುವ ಸೀಲಂಟ್ ಅಥವಾ ವ್ಯಾಕ್ಸ್ ತೆಳುವಾಗಿ ಹಚ್ಚಿ. ನಮ್ಮ ಬಿಸಿಲಿಗೆ ವ್ಯಾಕ್ಸ್ ಕೆಲವೇ ವಾರ ಬಾಳುತ್ತದೆ, ಸೀಲಂಟ್ ಕೆಲವು ತಿಂಗಳು. ಒಂದು ರಾತ್ರಿಯಾದರೂ ನೀರು, ಇಬ್ಬನಿ ತಗುಲದಂತೆ ನೋಡಿಕೊಳ್ಳಿ.

ಪ್ಯಾಡುಗಳನ್ನು ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಹಿಂಡಿ ತೊಳೆದು, ಫೋಮ್ ಕೆಳಮುಖವಾಗಿ ನೆರಳಿನಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಒಂದೊಂದನ್ನೇ ಪ್ಲಾಸ್ಟಿಕ್ ಕವರಿಗೆ ಹಾಕಿಡಿ. ಯಂತ್ರವನ್ನು ಪ್ಯಾಡ್ ಮೇಲೆ ನಿಲ್ಲಿಸಿ ಇಡಬೇಡಿ, ಫೋಮ್ ಒಂದೇ ಕಡೆ ಚಪ್ಪಟೆಯಾಗುತ್ತದೆ. ಗಾಳಿ ಕಿಂಡಿಯ ಪುಡಿಯನ್ನು ಬ್ರಷ್ಷಿನಿಂದ ತೆಗೆಯಿರಿ. ಮೋಟಾರಿನೊಳಗೆ ಕಿಡಿ ಹೆಚ್ಚಾಗಿ ಕಾಣತೊಡಗಿದರೆ, ಯಂತ್ರ ತಡವರಿಸಿದರೆ, ಕಾರ್ಬನ್ ಬ್ರಷ್ ಸವೆದಿದೆಯೇ ನೋಡಿ, ಎರಡನ್ನೂ ಒಟ್ಟಿಗೇ ಬದಲಿಸಿ.

ದಸರೆಗೆ ಕಾರು ಹೊಳೆಯಬೇಕೆಂದಿದ್ದರೆ ಆಯುಧಪೂಜೆಗೆ ಎರಡು ಮೂರು ದಿನ ಮೊದಲೇ ಕೆಲಸ ಮುಗಿಸಿ, ಸೀಲಂಟ್ ಗಟ್ಟಿಯಾಗಲು ಸಮಯ ಕೊಡಿ. ಅರಿಶಿನ-ಕುಂಕುಮವನ್ನು ಮುಂದಿನ ಗಾಜಿನ ಮೇಲೋ ನಂಬರ್ ಪ್ಲೇಟಿನ ಮೇಲೋ ಇಡಬಹುದು. ಬಾನೆಟ್ಟಿನ ಮೇಲೇ ಇಟ್ಟಿದ್ದರೆ ಅಂದು ಸಂಜೆಯೇ ಮೊದಲು ಧಾರಾಳವಾಗಿ ನೀರು ಸುರಿದು, ಪುಡಿಯೆಲ್ಲ ಹರಿದುಹೋದ ಮೇಲೆ ಶಾಂಪೂ ಬಟ್ಟೆ ಮುಟ್ಟಿಸಿ.